ಖಾಲಿ ಕುರ್ಚಿಗಳ ಗ್ರಾಮಸಭೆ

ಮತ ಹಾಕಲೆಂದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಿಂತೇ ಬರುವ ನಮ್ಮೂರ ಹುಡುಗರನ್ನು ಕಂಡರೆ ನನಗೆ ಹೆಮ್ಮೆ. ಆದರೆ ಬೆರಳಿನ ಶಾಯಿ ಮಾಸಿದ ಮೇಲೆ ಐದು ವರ್ಷ ಪಂಚಾಯಿತಿಯ ಕಡೆ ಯಾರೂ ತಲೆ ಹಾಕುವುದಿಲ್ಲ, ಊರಲ್ಲೇ ಇರುವವರೂ.

ಹೋದ ಸಲದ ಗ್ರಾಮಸಭೆಗೆ ಹೋಗಿದ್ದೆ. ಶಾಮಿಯಾನ ಇತ್ತು, ಮೈಕಿತ್ತು. ನೋಡಲ್ ಅಧಿಕಾರಿ, ಪಿಡಿಒ, ಅಂಗನವಾಡಿ ಟೀಚರುಗಳು ಬಂದಿದ್ದರು. ಊರಿನವರು ಇಪ್ಪತ್ತು ಮಂದಿಯೂ ಇರಲಿಲ್ಲ. ಅವರಲ್ಲೂ ಹಲವರು ಮನೆ ಮಂಜೂರಾತಿಯ ಅರ್ಜಿ ಹಿಡಿದವರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗೊತ್ತಾದ ಕೂಡಲೇ ಎದ್ದು ಹೋದರು. ಮಾರನೆಯ ದಿನ ಹಾಜರಿ ಪುಸ್ತಕವೇ ಮನೆಮನೆಗೆ ಬಂತು. ಜಗಲಿಯ ಮೇಲೆ ಕೂತೇ ಸಹಿ ಹಾಕಿದೆವು. ಪುಸ್ತಕ ತಂದವನಿಗಿಂತ ಓದದೆ ಸಹಿ ಮಾಡಿದ ನಮ್ಮ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಆ ಸಹಿಗಳಿಂದ ಕೋರಂ ಆಗುತ್ತದೆ, ಕ್ರಿಯಾಯೋಜನೆಗೆ ಒಪ್ಪಿಗೆ ಸಿಗುತ್ತದೆ, ಬಿಲ್ಲು ಪಾಸಾಗುತ್ತದೆ.

ಪಂಚಾಯಿತಿಯ ಲೆಕ್ಕ ಕೇಳುವ, ಒಪ್ಪುವ ಈ ಅಧಿಕಾರ ನಮ್ಮ ಕೈಗೆ ಸುಮ್ಮನೆ ಬಂದದ್ದಲ್ಲ. ಜನ 'ನೀರ್ ಸಾಬ್' ಎಂದು ಕರೆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿ ಕಟ್ಟಲು ಪಟ್ಟ ಪಾಡು ಹಿರಿಯರಿಗೆ ನೆನಪಿದೆ. ಲೆಕ್ಕ ಕೇಳುವ ಹಕ್ಕಿಗಾಗಿ ರಾಜಸ್ಥಾನದ ಬ್ಯಾವರ್‌ನಲ್ಲಿ 1996ರಲ್ಲಿ 40 ದಿನ ಧರಣಿ ಕೂತವರಲ್ಲಿ ಕೂಲಿಕಾರರಿದ್ದರು, ಸಣ್ಣ ರೈತರಿದ್ದರು. ಅವರು ಕೇಳಿದ್ದು ಪಂಚಾಯಿತಿಯ ಬಿಲ್ಲು, ಮಸ್ಟರ್ ರೋಲ್‌ಗಳ ನಕಲು. ಅದಕ್ಕೂ ಮೊದಲೇ ಅಲ್ಲಿನ ಹಳ್ಳಿಗಳಲ್ಲಿ ಜನ ಸೇರಿ ಲೆಕ್ಕಪತ್ರ ಓದಿಸುತ್ತಿದ್ದರು: ಇಂಥವನಿಗೆ ಇಷ್ಟು ದಿನದ ಕೂಲಿ ಎಂದು ಓದಿದರೆ, ನಾನು ಆ ಕೆಲಸಕ್ಕೇ ಹೋಗಿಲ್ಲ ಎಂದು ಜನರ ನಡುವಿನಿಂದ ಒಬ್ಬ ಎದ್ದು ನಿಲ್ಲುತ್ತಿದ್ದ. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಆ ಬಿಸಿಲಿನ ದಿನಗಳಿವೆ. ಈಗ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ಅದೇ ನಕಲು ಕೇಳಬಹುದು. ನಮ್ಮಲ್ಲಿ ಪಂಚಾಯಿತಿಯ ಲೆಕ್ಕವನ್ನೂ ಕಾಮಗಾರಿಯನ್ನೂ ಜನರೆದುರೇ ನೋಡುವ ಜಮಾಬಂದಿ ವರ್ಷಕ್ಕೊಮ್ಮೆ ಇದೆ. ಅದು ಯಾವಾಗ ನಡೆಯಿತು ಅಂತ ನಮ್ಮ ಬೀದಿಯಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಹಗಲು ಕೂಲಿ ಬಿಟ್ಟು ಸಭೆಗೆ ಬನ್ನಿ ಎನ್ನುವುದು ಬಡವರಿಗೆ ಕಷ್ಟದ ಮಾತು, ಒಪ್ಪುತ್ತೇನೆ. ಸಂಬಳ, ಪಿಂಚಣಿ ಇರುವ ನಾವೆಲ್ಲಿದ್ದೆವು?

ಆ ಗ್ರಾಮಸಭೆಯಲ್ಲಿ ಕೊನೆಯವರೆಗೂ ಕೂತಿದ್ದ ಒಬ್ಬ ಅಜ್ಜಿ ಎದ್ದು, "ಸ್ವಾಮಿ, ಈಗ ಓದಿದ್ರಲ್ಲ, ಆ ಚರಂಡಿ ನಮ್ಮ ಕೇರಿನಾಗೆ ಎಲ್ಲೈತೆ? ತೋರಿಸ್ಬನ್ನಿ" ಅಂದರು. ಅಧಿಕಾರಿ ಕಡತ ಮುಚ್ಚಿ, ಚಪ್ಪಲಿ ಮೆಟ್ಟಿ ಅಜ್ಜಿಯ ಹಿಂದೆ ಹೊರಟರು. ಖಾಲಿ ಕುರ್ಚಿಗಳನ್ನು ದಾಟಿ ನಾವು ಆರು ಜನ ಅವರ ಹಿಂದೆ ನಡೆದೆವು.