ಅಗ್ಗದ ಟಿಕೆಟ್ ಸರಿ, ನಾಳೆ ವಿಮಾನ ಇರುತ್ತಾ?

ಪೆರೇಸಂದ್ರದಲ್ಲಿ ಓದೋ ನಮಗೆ ದೇವನಹಳ್ಳಿ ಏರ್‌ಪೋರ್ಟ್ ದೂರವೇನಲ್ಲ, ಹೈವೇ ಹಿಡಿದರೆ ಸುಮಾರು ಒಂದು ಗಂಟೆ. ಆದರೂ ರಜೆ ಬಂತೆಂದರೆ ಬೀದರ್, ಕಲಬುರಗಿ ಕಡೆಯ ಗೆಳೆಯರು ನೆಚ್ಚಿಕೊಳ್ಳೋದು ರಾತ್ರಿ ರೈಲನ್ನೇ.

ಸಾಮಾನ್ಯರೂ ಹಾರಬೇಕು ಅಂತ ದೇಶದ ಮೊದಲ ಅಗ್ಗದ ವಿಮಾನ ಸಂಸ್ಥೆ ಕಟ್ಟಿದವರು ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರುವಾದದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ, 48 ಸೀಟಿನ ಪುಟ್ಟ ಎಟಿಆರ್‌ನಲ್ಲಿ. ಪುಕ್ಕಟೆ ಊಟ ಇಲ್ಲ, ಬಿಸಿನೆಸ್ ಕ್ಲಾಸ್ ಇಲ್ಲ, ಇಳಿದ ವಿಮಾನ ಬೇಗ ಮತ್ತೆ ಹಾರಬೇಕು. ಇದು ಕನಿಕರ ಅಲ್ಲ, ಅಪ್ಪಟ ಎಂಜಿನಿಯರಿಂಗ್. 2007ರಲ್ಲಿ ಅದು ಕಿಂಗ್‌ಫಿಷರ್ ತೆಕ್ಕೆಗೆ ಹೋಯಿತು. 2012ರಲ್ಲಿ ಕಿಂಗ್‌ಫಿಷರೇ ನೆಲ ಕಚ್ಚಿತು.

2017ರಿಂದ ಉಡಾನ್ ವಿಮಾನಗಳು ಬಂದವು. ನಷ್ಟ ತುಂಬಿಕೊಡೋ ಸಹಾಯಧನ ಮೂರು ವರ್ಷ ಮಾತ್ರ. 2023ರ ಸಿಎಜಿ ವರದಿ ನೋಡಿ: ಮೊದಲ ಮೂರು ಸುತ್ತಿನ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷ ದಾಟಿಯೂ ಉಳಿದದ್ದು ಬರೀ 54.

ರನ್‌ವೇ ಕಟ್ಟಿ ರಿಬ್ಬನ್ ಕತ್ತರಿಸೋದು ಸುಲಭ. ಆದರೆ ಯಾವಾಗ ನಿಲ್ಲುತ್ತೋ ಗೊತ್ತಿಲ್ಲದ ವಿಮಾನವನ್ನು ನಂಬಿ ಯಾರು ಟಿಕೆಟ್ ಮಾಡಿಸ್ತಾರೆ? ನಂಬಿಕೆ ಇಲ್ಲದೆ ಸೀಟು ತುಂಬಲ್ಲ, ಸೀಟು ತುಂಬದೆ ವಿಮಾನ ಉಳಿಯಲ್ಲ.

ನಾವು ಹೇಳೋದಿಷ್ಟೇ: ಸಹಾಯಧನ ಒಂದೇ ಏಟಿಗೆ ನಿಲ್ಲೋದು ಬೇಡ, ಸೀಟು ತುಂಬಿದ ಹಾಗೆಲ್ಲ ನಿಧಾನಕ್ಕೆ ಇಳಿಯಲಿ. ವೇಳಾಪಟ್ಟಿ ವರ್ಷವಿಡೀ ಬದಲಾಗದಿರಲಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರೇ, ನೀವೇ ಹೇಳಿ: ಫೀಡ್‌ಬ್ಯಾಕ್ ನೋಡದೆ ಕ್ಯಾಲೆಂಡರ್ ನೋಡಿ ಸ್ವಿಚ್ ಆಫ್ ಮಾಡಿದರೆ ಯಾವ ಸಿಸ್ಟಮ್ ತಾನೇ ಉಳಿದೀತು?