ಗಡಿ ದಾಟಿ ಬಂದ ಮಗು ಯಾರ ಹಾಜರಿಯಲ್ಲಿದೆ?

ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತಲೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಲಗಳ ಅಂಚಿನಲ್ಲಿ ಗುಡಿಸಲುಗಳು ಏಳುತ್ತವೆ. ಮಹಾರಾಷ್ಟ್ರದ ಬೀಡ ಮತ್ತು ಅದರ ನೆರೆಯ ಬರಪೀಡಿತ ಜಿಲ್ಲೆಗಳಿಂದ ಬಂದ ಕುಟುಂಬಗಳೂ ಅವುಗಳಲ್ಲಿ ತಂಗುತ್ತವೆ. ಮುಕಾದಮನಿಂದ ಮುಂಗಡ ಪಡೆದು, ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ' ಎಂದು ಎಣಿಸಿಕೊಂಡು, ಐದಾರು ತಿಂಗಳು ಕಬ್ಬು ಕಡಿದು ಆ ಮುಂಗಡವನ್ನು ತೀರಿಸುವ ಬದುಕು ಅವರದು. ಅವರೊಂದಿಗೆ ಬಂದ ಮಗುವಿಗೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ.

ಅಜ್ಜ ಕಡಿದ, ಮಗ ಕಡಿಯುತ್ತಿದ್ದಾನೆ, ಮೊಮ್ಮಗ ಸೋಗೆ ಕಟ್ಟುತ್ತಿದ್ದಾನೆ. 'ಅವರಿಗೆ ಓದಿನ ಆಸಕ್ತಿಯಿಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅಮೆರಿಕದಲ್ಲಿಯೂ ಮೆಕ್ಸಿಕನ್ ವಲಸಿಗರ ಬಗ್ಗೆ ಇದೇ ಮಾತು ದಶಕಗಳಿಂದ ಕೇಳಿಬಂದಿದೆ. 1942ರಿಂದ 1964ರವರೆಗೆ ನಡೆದ 'ಬ್ರಾಸೆರೊ' ಯೋಜನೆಯಡಿ ಅಲ್ಲಿನ ಹೊಲಗಳು ಮೆಕ್ಸಿಕೊದ ಕೂಲಿಗಳನ್ನು ಕರೆಸಿಕೊಂಡವು. ಸಕ್ಕರೆ ತೆಗೆಯುವ ಬೀಟ್ ಬೆಳೆಯ ಹೊಲಗಳೂ ಅವುಗಳಲ್ಲಿದ್ದವು. ಕೆಲಸ ಮುಗಿದ ಮೇಲೆ ಅವರು ಮರಳಿ ಹೋಗಬೇಕೆಂಬುದೇ ಅದರ ಷರತ್ತಾಗಿತ್ತು.

ನೆಲೆಸಿದವರ ಕತೆ ಏನಾಯಿತು? 1965ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಆಂಟೋನಿಯೊ ನಗರಗಳಲ್ಲಿ ಸಂದರ್ಶಿಸಲಾಗಿದ್ದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಡ್ವರ್ಡ್ ಟೆಲ್ಲೆಸ್ ಮತ್ತು ವಿಲ್ಮಾ ಓರ್ಟಿಜ್ ಎಂಬ ಸಮಾಜವಿಜ್ಞಾನಿಗಳು ಸುಮಾರು ಮೂರೂವರೆ ದಶಕಗಳ ಬಳಿಕ ಮತ್ತೆ ಹುಡುಕಿ, ಅವರ ಮಕ್ಕಳನ್ನೂ ಮಾತನಾಡಿಸಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಎರಡನೇ ತಲೆಮಾರು ಇಂಗ್ಲಿಷ್ ಕಲಿತಿತ್ತು, ಹೆತ್ತವರಿಗಿಂತ ಹೆಚ್ಚು ಓದಿತ್ತು. ಆದರೆ ಮೂರನೇ, ನಾಲ್ಕನೇ ತಲೆಮಾರಿನಲ್ಲಿ ಆ ಮುನ್ನಡೆ ನಿಂತುಹೋಗಿತ್ತು. ಭಾಷೆ ಕರಗತವಾದರೂ ಕಳಪೆ ಶಾಲೆಗಳು ಮತ್ತು 'ಇವರಿಂದ ಇಷ್ಟೇ ಸಾಧ್ಯ' ಎಂಬ ಸಮಾಜದ ಪೂರ್ವಗ್ರಹ ಅವರನ್ನು ಹಿಂದಕ್ಕೆ ಹಿಡಿದಿದ್ದವು.

ಹಾಗಿದ್ದೂ ಅಲ್ಲಿನ ಮಗು ಶಾಲೆಯ ಹೊಸ್ತಿಲನ್ನಾದರೂ ದಾಟಿತ್ತು. ದಾಖಲೆಗಳಿಲ್ಲದೆ ಬಂದವರ ಮಕ್ಕಳಿಗೂ ಸರಕಾರಿ ಶಾಲೆಯನ್ನು ನಿರಾಕರಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿತು. ನಮ್ಮ ಕಬ್ಬಿನ ಹೊಲದ ಮಗುವಾದರೋ ಈ ದೇಶದ್ದೇ ಪ್ರಜೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಭಾಷೆಯ ನೆಪವನ್ನೂ ಇಲ್ಲಿ ಹೇಳುವಂತಿಲ್ಲ. ಈ ತಾಲೂಕುಗಳಲ್ಲಿ ಮರಾಠಿ ಮಾಧ್ಯಮದ ಸರಕಾರಿ ಶಾಲೆಗಳಿವೆ. ಮೆಕ್ಸಿಕೊದಿಂದ ಬಂದ ಮಗುವಿಗೆ ಸುಲಭವಾಗಿ ದಕ್ಕದ ಸೌಭಾಗ್ಯವಿದು.

ವಿಪರ್ಯಾಸ ನೋಡಿ. ಈ ನೆಲದ ಹಳ್ಳಿಹಳ್ಳಿಗಾಗಿ ಎರಡು ರಾಜ್ಯಗಳು ಕಾದಾಡುತ್ತಿವೆ. 1967ರ ಮಹಾಜನ ವರದಿ ಅಂತಿಮವೆಂದು ಕರ್ನಾಟಕ ವಾದಿಸಿದರೆ, ಅದನ್ನೊಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆದರೆ ಅದೇ ಗಡಿಯನ್ನು ದಾಟಿ ಬರುವ ಮಗುವಿಗಾಗಿ ಯಾರೂ ವಾದಿಸುತ್ತಿಲ್ಲ. ಊರಿನ ಶಾಲೆಯಲ್ಲಿ ಅದು ಗೈರುಹಾಜರು, ಇಲ್ಲಿನ ಶಾಲೆಯಲ್ಲಿ ಅದರ ಹೆಸರೇ ಇಲ್ಲ. ಮಕ್ಕಳನ್ನು ಊರಿನಲ್ಲೇ ಉಳಿಸಲು ಮಹಾರಾಷ್ಟ್ರದಲ್ಲಿ ಹಂಗಾಮಿ ವಸತಿ ನಿಲಯಗಳ ಯೋಜನೆಯಿದೆ, ನಿಜ. ಆದರೆ ತಾಯಿ ನಸುಕಿನಲ್ಲೇ ಹೊಲಕ್ಕಿಳಿದರೆ ಎಳೆಗೂಸನ್ನು ನೋಡಿಕೊಳ್ಳಲು ಹತ್ತು ವರ್ಷದ ಅಕ್ಕ ಗುಡಿಸಲಿನಲ್ಲಿ ಇರಲೇಬೇಕಾಗುತ್ತದೆ. ಕೂಸಿಗೆ ಅಂಗನವಾಡಿ ಸಿಗದೆ ಅಕ್ಕನಿಗೆ ಶಾಲೆ ಸಿಗದು.

ಇದು ನಮಗೆ ಸಂಬಂಧಿಸದ ವಿಷಯವೆಂದು ನಮ್ಮ ಓದುಗರು ಭಾವಿಸಬಾರದು. 'ಇವರು ಓದುವವರಲ್ಲ' ಎಂಬ ಮಾತನ್ನು ನಮ್ಮ ಮಕ್ಕಳ ಬಗ್ಗೆಯೂ ಆಡಲಾಗಿದೆ. ಮುಸ್ಲಿಮರ ಹಿಂದುಳಿಯುವಿಕೆಗೆ ಓದಿನ ಬಗೆಗಿನ ಅನಾದರ ಕಾರಣವಲ್ಲ, ಬಡತನ ಮತ್ತು ಶಾಲೆಗಳ ಕೊರತೆ ಕಾರಣವೆಂದು 2006ರ ಸಾಚಾರ್ ವರದಿ ತೋರಿಸಿಕೊಟ್ಟಿತು. ಆ ನ್ಯಾಯವನ್ನು ನಮಗಾಗಿ ಕೇಳುವ ನಾವು ಗುಡಿಸಲಿನ ಮಗುವಿಗೆ ಅದನ್ನು ನಿರಾಕರಿಸಬಹುದೇ?

ನಮ್ಮಲ್ಲಿ ಟ್ರ್ಯಾಕ್ಟರ್ ಮಾಲಕರಿದ್ದಾರೆ, ಗ್ಯಾಂಗುಗಳಿಗೆ ಕಿರಾಣಿ ಮಾರುವವರಿದ್ದಾರೆ, ಶಾಲಾ ಸಮಿತಿಗಳ ಸದಸ್ಯರಿದ್ದಾರೆ, ಶಿಕ್ಷಕರಿದ್ದಾರೆ. ಹಂಗಾಮಿನ ಮೊದಲ ವಾರದಲ್ಲೇ ತಮ್ಮೂರಿನ ಗುಡಿಸಲುಗಳ ಮಕ್ಕಳನ್ನು ಎಣಿಸಿ, ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ತಲುಪಿಸುವುದು ಇವರಿಗೆ ಅಸಾಧ್ಯವೇನಲ್ಲ. ಕಬ್ಬಿನ ಪ್ರತಿ ಟನ್ನಿಗೂ ಲೆಕ್ಕವಿಡುವ ಕಾರ್ಖಾನೆಗಳು ಆ ಮಕ್ಕಳ ಲೆಕ್ಕವನ್ನೂ ಇಡಬೇಕೆಂದು ನಾವು ಆಗ್ರಹಿಸುತ್ತೇವೆ.

ಕಟಾವು ಯಂತ್ರಗಳು ಈಗಾಗಲೇ ಈ ಹೊಲಗಳಿಗೆ ಇಳಿಯುತ್ತಿವೆ. ನಾಳೆ ಕೊಯ್ತಾವನ್ನು ಯಾರೂ ಕೇಳದ ದಿನ ಬಂದರೆ, ಅಕ್ಷರವೂ ಇಲ್ಲದ ಈ ಮೂರನೇ ತಲೆಮಾರು ಏನನ್ನು ಹಿಡಿದು ಬದುಕಬೇಕು? ಈ ಹಂಗಾಮು ಮುಗಿಯುವುದರೊಳಗೆ ಅವರ ಹೆಸರು ಒಂದು ಹಾಜರಿ ಪುಸ್ತಕಕ್ಕಾದರೂ ಸೇರಲಿ.