‘ಸುರಕ್ಷತೆ’ ಎಂಬ ದೂರು

ಮುಂಬಯಿಯ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ‘ಸುರಕ್ಷತೆ’ ಎಂಬ ಶಬ್ದ ಬಿದ್ದೊಡನೆ ಚರ್ಚೆ ನಿಂತುಹೋಗುತ್ತದೆ. ಮೂರನೆಯ ಮಾಳಿಗೆಯ ಬಾಡಿಗೆದಾರರಿಂದ ಕಟ್ಟಡಕ್ಕೆ ಅಪಾಯವಿದೆಯೆಂದು ಯಾರೋ ಹೇಳುತ್ತಾರೆ. ಯಾವ ಅಪಾಯವೆಂದು ಕೇಳಿದವರನ್ನು ಅಪಾಯದ ಪಕ್ಷಪಾತಿಗಳಂತೆ ನೋಡಲಾಗುತ್ತದೆ. ಕೊನೆಗೆ ಮನೆಯ ಮಾಲಕನಿಗೊಂದು ಪತ್ರ: ತಿಂಗಳೊಳಗೆ ಖಾಲಿ ಮಾಡಿಸಿ. ಈ ರೂಢಿಯನ್ನು ನಾವು ಒಪ್ಪಲಾರೆವು.

ದೂರಿನಲ್ಲಿ ಒಂದು ಕೃತ್ಯವಿರಬೇಕು, ಅದು ನಡೆದ ದಿನ ಮತ್ತು ಹೊತ್ತು ಇರಬೇಕು. ಮೆಟ್ಟಿಲ ಕೆಳಗೆ ಸ್ಕೂಟರಿನ ಬ್ಯಾಟರಿಯನ್ನು ಇರುಳಿಡೀ ಚಾರ್ಜಿಗಿಟ್ಟದ್ದು, ಬಾಲ್ಕನಿಯಲ್ಲಿ ಗ್ಯಾಸ್ ಸಿಲಿಂಡರುಗಳನ್ನು ಪೇರಿಸಿದ್ದು, ಕುಡಿದು ನೆರೆಮನೆಯ ಬಾಗಿಲು ಬಡಿದದ್ದು, ಇವು ದೂರುಗಳು. ಕೊನೆಯದಕ್ಕಂತೂ ಸಭೆಯ ದಾರಿ ಕಾಯಬಾರದು. ಆ ಕ್ಷಣವೇ 112ಕ್ಕೆ ಕರೆ ಹೋಗಬೇಕು. ಆದರೆ ‘ಹುಡುಗರಿಗೆ ಮದುವೆಯಾಗಿಲ್ಲ’, ‘ಆಕೆ ರಾತ್ರಿ ಎರಡು ಗಂಟೆಗೆ ಬರುತ್ತಾಳೆ’, ‘ಅವರ ಹೆಸರು ನೋಡಿದಿರಾ’, ‘ಮೀನಿನ ವಾಸನೆ’, ಇವೂ ಅದೇ ಅರ್ಜಿಯಲ್ಲಿ ಅದೇ ಶಬ್ದದ ಮರೆಯಲ್ಲಿ ಬಂದು ಕೂರುತ್ತವೆ. (ಕರಾವಳಿಯಿಂದ ಬಂದ ನಮ್ಮವರೇ ಮೀನಿನ ವಾಸನೆಯ ಅರ್ಜಿಗೆ ಸಹಿ ಹಾಕುವುದನ್ನು ಏನೆನ್ನೋಣ!)

1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ಈ ಊರಿನಲ್ಲಿ ದಕ್ಷಿಣದವರಾಗಿರುವುದೇ ಒಂದು ದೂರಾಗಿತ್ತು. ‘ಮದ್ರಾಸಿ’ ಎಂಬ ಒಂದೇ ಚೀಟಿಯನ್ನು ಉಡುಪಿ ಹೋಟೆಲಿನ ಮಾಣಿಗೂ ಕಚೇರಿಯ ಟೈಪಿಸ್ಟನಿಗೂ ಅಂಟಿಸಲಾಗಿತ್ತು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿ, ಒಂದೇ ಖೋಲಿಯಲ್ಲಿ ಹತ್ತು ಮಂದಿ ಮಲಗುತ್ತಿದ್ದ ಹಿರಿಯರು ನಮ್ಮವರು. ಮದುವೆಯಾಗದ ಹುಡುಗರು, ಹೊತ್ತಲ್ಲದ ಹೊತ್ತಿನಲ್ಲಿ ಮರಳುವವರು, ಪರಭಾಷೆಯವರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಸೊಸೈಟಿಗಳ ಕಾರ್ಯದರ್ಶಿಗಳಾಗಿದ್ದಾರೆ.

ಸಮಿತಿಯೇನೂ ನ್ಯಾಯಾಲಯವಲ್ಲ. ‘ಲೀವ್ ಆ್ಯಂಡ್ ಲೈಸೆನ್ಸ್’ ಕರಾರು ಬರಹದಲ್ಲಿದ್ದು ನೋಂದಣಿಯಾಗಿರಬೇಕೆಂದು ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ನೋಂದಣಿಯ ಹೊಣೆ ಮಾಲಕನದು. ಅವಧಿ ಮುಗಿದರೂ ಮನೆ ಬಿಡದವರ ವಿರುದ್ಧ 24ನೆಯ ಕಲಮಿನಂತೆ ಸಕ್ಷಮ ಪ್ರಾಧಿಕಾರಕ್ಕೆ ಹೋಗಬಹುದು, ದುಪ್ಪಟ್ಟು ಶುಲ್ಕವನ್ನೂ ಕೇಳಬಹುದು. ನೀರು ನಿಲ್ಲಿಸುವುದು, ಲಿಫ್ಟಿಗೆ ಬೀಗ ಹಾಕುವುದು, ಕಾವಲುಗಾರನಿಂದ ಅತಿಥಿಗಳನ್ನು ಅವಮಾನಿಸುವುದು ಇವು ಯಾವ ಕಲಮಿನಲ್ಲಿಯೂ ಇಲ್ಲ. ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಕೊಡುವುದು ಬೇರೆ, ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಸಮಿತಿ ಶೀಲಪರೀಕ್ಷೆಗೆ ಕೂರುವುದು ಬೇರೆ.

ಹಾಗೆಂದು ಮಾಲಕರನ್ನು ಬಿಟ್ಟುಬಿಡಲಾಗದು. ಪುಣೆಯಲ್ಲೋ ಮಂಗಳೂರಿನಲ್ಲೋ ಕುಳಿತು ತಿಂಗಳ ಬಾಡಿಗೆಯನ್ನಷ್ಟೇ ಎಣಿಸುತ್ತ, ನೆರೆಯವರ ಕರೆಗೆ ‘ನೀವೇ ನೋಡಿಕೊಳ್ಳಿ’ ಎನ್ನುವವರು ನಮ್ಮಲ್ಲಿ ಬಹಳ. ಸುಟ್ಟ ವಾಸನೆ ಬರುತ್ತಿದೆಯೆಂದು ಕೆಳಮನೆಯ ವೃದ್ಧೆ ಮೂರು ಸಲ ಹೇಳಿದ ಮೇಲೂ ಬಾರದ ಮಾಲಕನಿಗೆ ಬಾಡಿಗೆದಾರನನ್ನು ದೂರುವ ಹಕ್ಕು ಎಲ್ಲಿಯದು? ಅವನು ಬರಬೇಕು, ಎಲೆಕ್ಟ್ರಿಷಿಯನ್ನನನ್ನು ಕರೆತಂದು ಬಾಡಿಗೆದಾರನ ಎದುರಿಗೇ ಮನೆ ನೋಡಬೇಕು. ತಪ್ಪು ಬಾಡಿಗೆದಾರನದಾದರೆ ಗಡುವು ಹಾಕಿ ಬರಹದಲ್ಲಿ ತಿಳಿಸಬೇಕು. ಮರುಕಳಿಸಿದರೆ ಕರಾರಿನ ನೋಟಿಸಿನ ಷರತ್ತನ್ನು ಬಳಸಬೇಕು. ಎಷ್ಟೋ ಸಲ ಸುಡುತ್ತಿರುವುದು ಮಾಲಕನೇ ಬದಲಿಸದೆ ಬಿಟ್ಟ ಹಳೆಯ ತಂತಿ. ಬಾಡಿಗೆದಾರ ಗಂಟುಮೂಟೆ ಕಟ್ಟಿ ಹೋದ ಮೇಲೂ ಆ ತಂತಿ ಗೋಡೆಯೊಳಗೇ ಇರುತ್ತದೆ. ಮುಂದಿನ ತಿಂಗಳು ಬರುವ ‘ಮರ್ಯಾದಸ್ಥ ಕುಟುಂಬ’ದ ಫ್ರಿಜ್ಜನ್ನೂ ಅದಕ್ಕೇ ಜೋಡಿಸಲಾಗುತ್ತದೆ.